ಗಾಲಿಕುರ್ಚಿ ಹಿಂದಕ್ಕೆ ವಾಲುತ್ತಿದ್ದರೆ ರ‍್ಯಾಂಪಿನ ಉದ್ದ ನೋಡಿ

ಮನೆಯ ರ‍್ಯಾಂಪಿನಲ್ಲಿ (ಗಾಲಿಕುರ್ಚಿ ಹತ್ತಿಸುವ ಇಳಿಜಾರು ದಾರಿ) ಅಮ್ಮನವರ ಕುರ್ಚಿ ಹಿಂದಕ್ಕೆ ವಾಲುತ್ತದೆ, ಏನು ಮಾಡಲಿ ಎಂದು ಕೇಳಿದ್ದೀರಿ. ಮೆಟ್ಟಿಲು 30 ಸೆಂ.ಮೀ. ಎತ್ತರ, ರ‍್ಯಾಂಪ್ ಬರೀ 150 ಸೆಂ.ಮೀ. ಉದ್ದ ಅಂದಿದ್ದೀರಿ. ಹತ್ತಿಸುವಾಗ ಅಮ್ಮನವರ ಗಾಲಿಕುರ್ಚಿಯ ಮುಂದಿನ ಚಕ್ರ ಮೇಲೇಳುವುದಕ್ಕೆ ಬಹುತೇಕ ಆ ಕಡಿದಾದ ಇಳಿಜಾರೇ ಕಾರಣ. ಕುರ್ಚಿಯ ಹಿಂಬದಿಗೆ ಭಾರದ ಚೀಲ ನೇತುಹಾಕಿದ್ದರೆ ಅದೂ ಸೇರಿಕೊಂಡಿರಬಹುದು. ಮೊದಲು ಅದನ್ನು ತೆಗೆಯಿರಿ.

ಒಂದು ಪಾಲು ಎತ್ತರಕ್ಕೆ 12 ಪಾಲು ಉದ್ದ ಬೇಕು. ನಿಮ್ಮ ಲೆಕ್ಕಕ್ಕೆ 360 ಸೆಂ.ಮೀ. ನೇರಕ್ಕೆ ಅಷ್ಟು ಜಾಗವಿಲ್ಲದಿದ್ದರೆ ಎಲ್ ಆಕಾರದಲ್ಲಿ ತಿರುಗಿಸಿ, ಆದರೆ ತಿರುವಿನಲ್ಲಿ 150 ಸೆಂ.ಮೀ. ಚೌಕದಷ್ಟು ಸಮತಟ್ಟು ಜಾಗ ಬಿಡಿ. ಬಾಗಿಲ ಮುಂದೆಯೂ ಅಷ್ಟೇ ಬಿಡಿಸಿ. ನಮ್ಮಲ್ಲಿ ಮೇಸ್ತ್ರಿ ಇದನ್ನೇ ಮರೆತಿದ್ದರು. ಒಂದು ಕೈಯಲ್ಲಿ ಚಿಲಕ, ಇನ್ನೊಂದರಲ್ಲಿ ಹಿಂದಕ್ಕೆ ಜಾರುವ ಕುರ್ಚಿ. ಅಪ್ಪ ಹೆದರಿ ಬಾಗಿಲ ಚೌಕಟ್ಟನ್ನೇ ಹಿಡಿದುಕೊಳ್ಳುತ್ತಿದ್ದರು. ಕೊನೆಗೆ ಒಡೆದು ಮತ್ತೆ ಕಟ್ಟಿಸಿದೆವು.

ಆಮೇಲೆ ಎರಡೂ ಅಂಚಿಗೆ ಚಕ್ರ ತಡೆಯುವ ಸಣ್ಣ ಕಟ್ಟೆ, ಹಿಡಿಕಂಬಿ. ನುಣುಪು ಟೈಲ್ಸ್ ಬೇಡವೇ ಬೇಡ. ಸಿಮೆಂಟು ಹಸಿಯಿರುವಾಗಲೇ ಪೊರಕೆಯಿಂದ ಅಡ್ಡಡ್ಡ ಗೆರೆ ಎಳೆಸಿ.

ಅಲ್ಲಿಯವರೆಗೆ ಒಬ್ಬರೇ ಹತ್ತಿಸಬೇಡಿ, ಇಬ್ಬರಿರಿ. ಇಳಿಸುವಾಗ ಕುರ್ಚಿಯ ಬೆನ್ನು ಇಳಿಜಾರಿನ ಕಡೆಗಿರಲಿ. ನೀವು ಕೆಳಗಡೆ ನಿಂತು, ಭಾರ ತಡೆದುಕೊಳ್ಳುತ್ತಾ ನಿಧಾನವಾಗಿ ಹಿಮ್ಮುಖವಾಗಿ ಇಳಿಸಿ.