ಮನೆ ಕೆಳಗೆ ಹಳೆಯ ಚಾಕ್ (ಮೆತ್ತನೆಯ ಬಿಳಿ ಸುಣ್ಣಕಲ್ಲು) ಗಣಿ ಇರಬಹುದು ಅಂತ ವರದಿ ಬಂದಿದೆ. ರೀಡಿಂಗ್‌ನಲ್ಲಿ ಈ ಮನೆ ಕೊಳ್ಳಬಹುದಾ?

ನಾನೂ ಇಂಗ್ಲೆಂಡಿನ ಇದೇ ಊರಲ್ಲಿದ್ದೇನೆ. ‘ಇರಬಹುದು’ ಅಂದಷ್ಟಕ್ಕೇ ಮನೆ ಕೈಬಿಡಬೇಡಿ. ಹಾಗಂತ ಸುಮ್ನೆ ಸಹಿ ಹಾಕಲೂ ಬೇಡಿ.

ರೀಡಿಂಗ್‌ನಲ್ಲಿ ಹಿಂದೆ ಇಟ್ಟಿಗೆ ಗೂಡುಗಳು ಜಾಸ್ತಿ. ಇಟ್ಟಿಗೆ ಮಣ್ಣಿಗೆ ಬೆರೆಸಲು, ಸುಣ್ಣ ಸುಡಲು ಚಾಕ್ ಬೇಕಿತ್ತು. ಮೊದಲು ಬಾವಿ ತೋಡಿದ ಹಾಗೆ ನೇರ ಕೆಳಗೆ ಅಗೆಯುತ್ತಿದ್ದರು. ತಳದಿಂದ ಸುತ್ತಲೂ ಸುರಂಗ. ಮೇಲಿನ ಭಾರ ಹೊರಲು ನಡುನಡುವೆ ಚಾಕಿನದೇ ಕಂಬ. ಕೆಲಸ ಮುಗಿದ ಮೇಲೆ ಬಾವಿಯ ಬಾಯಿಗೆ ಮರದ ದಿಮ್ಮಿ ಅಡ್ಡ ಹಾಕಿ, ಮೇಲೆ ಮಣ್ಣು ಸುರಿದು ಹೋದವರೂ ಉಂಟು. ಮುಚ್ಚಿದ ಗಣಿಯ ನಕ್ಷೆ ಕೊಡಬೇಕು ಅನ್ನೋ ಕಾನೂನು ಬಂದದ್ದೇ 1872ರಲ್ಲಿ. ಹಾಗಾಗಿ ಅದಕ್ಕಿಂತ ಹಳೆಯವು ಎಷ್ಟೋ ಸಲ ಪತ್ತೆಯಾಗುವುದೇ ನೆಲ ಕುಸಿದಾಗ.

2000ದ ಜನವರಿಯಲ್ಲಿ ಇಲ್ಲಿನ ಫೀಲ್ಡ್ ರೋಡ್‌ನಲ್ಲಿ ನೆಲ ಕುಸಿದು ಜನ ಮನೆ ಬಿಡಬೇಕಾಯಿತು. ಇಂಗ್ಲೆಂಡಿನದೇ ಇನ್ನೊಂದು ಊರು ನಾರ್ವಿಚ್‌ನಲ್ಲಿ 1988ರ ಮಾರ್ಚ್‌ನಲ್ಲಿ ಹಳೆಯ ಚಾಕ್ ಗಣಿಯ ಮೇಲಿನ ರಸ್ತೆಯೇ ಬಾಯಿಬಿಟ್ಟು ಡಬಲ್ ಡೆಕರ್ ಬಸ್ಸಿನ ಹಿಂಭಾಗ ಗುಂಡಿಗೆ ಇಳಿದು, ಮೂತಿ ಮೇಲಕ್ಕೆದ್ದು ನಿಂತಿತ್ತು. ಪುಣ್ಯಕ್ಕೆ ಎಲ್ಲರೂ ಬಚಾವಾದರು. ಆಮೇಲೆ ಆ ಫೋಟೋವನ್ನು ‘ಡಬಲ್ ಡೆಕರ್’ ಚಾಕೊಲೇಟಿನವರು ಜಾಹೀರಾತಿಗೆ ಹಾಕಿಕೊಂಡರು. ಗಟ್ಟಿಗರು!

ಅಷ್ಟು ವರ್ಷ ನಿಂತದ್ದು ಈಗ್ಯಾಕೆ ಬೀಳುತ್ತೆ ಅಂದರೆ, ಬಹಳ ಸಲ ನೀರೇ ಕಾರಣ. ನೆನೆದ ಚಾಕ್ ಮೆತ್ತಗಾಗುತ್ತೆ. ಹಳೆಯ ಬಾವಿಗೆ ತುಂಬಿದ ಮಣ್ಣೂ ನೀರಿನ ಜೊತೆ ಕೆಳಗೆ ಜಾರುತ್ತೆ. ಅದಕ್ಕೇ ಮನೆ ನೋಡಲು ಹೋದಾಗ ಗೋಡೆಯ ಬಿರುಕಿನ ಜೊತೆ ಮಾಳಿಗೆ ನೀರು ಎಲ್ಲಿಗೆ ಹೋಗುತ್ತೆ ಅಂತಲೂ ನೋಡಿ. ಇಲ್ಲಿ ಎಷ್ಟೋ ಮನೆಗಳ ಹಿತ್ತಲಲ್ಲಿ ‘ಸೋಕ್‌ಅವೇ’ ಇರುತ್ತೆ: ಜಲ್ಲಿ ತುಂಬಿದ ಇಂಗುಗುಂಡಿ. ಬೇರೆ ಕಡೆ ಒಳ್ಳೆಯದೇ. ಗಣಿ ಇರುವ ಜಾಗದಲ್ಲಿ ಬೇಡವೇ ಬೇಡ. ಒಡೆದ ಡ್ರೈನ್ ಪೈಪೂ ಅಷ್ಟೇ ಅಪಾಯ. ಕ್ಯಾಮೆರಾ ಬಿಟ್ಟು ಪರೀಕ್ಷೆ ಮಾಡಿಸಿ.

ಮನೆ ಕಾಗದಪತ್ರ ನೋಡಿಕೊಳ್ಳುವ ವಕೀಲರ (ಸಾಲಿಸಿಟರ್) ಬಳಿ ಒಂದು ಮಾತು ಖಚಿತ ಮಾಡಿಕೊಳ್ಳಿ. ಮಾಮೂಲಿ ಕಲ್ಲಿದ್ದಲು ಗಣಿ ಸರ್ಚ್‌ನಲ್ಲಿ (ದಾಖಲೆ ಹುಡುಕಾಟ) ಚಾಕ್ ಗಣಿ ಬರುವುದಿಲ್ಲ, ಬೇರೆ ಮಾಡಿಸಬೇಕು. ಅಲ್ಲಿ ಹಿಂದೆ ಕೊರೆದು ನೋಡಿ ಪೊಳ್ಳಿಗೆ ಸಿಮೆಂಟ್ ಗ್ರೌಟ್ (ತೆಳುವಾಗಿ ಕಲಸಿದ ಸಿಮೆಂಟ್) ತುಂಬಿದ್ದಾರಾ, ಅದರ ಕಾಗದ ಇದೆಯಾ ಅಂತ ಮಾರುವವರನ್ನು ಕೇಳಿಸಿ. ಸರಿಯಾಗಿ ತುಂಬಿದ್ದರೆ ಗಣಿಯೇ ಪತ್ತೆಯಾಗದ ಪಕ್ಕದ ಬೀದಿಗಿಂತ ಆ ಮನೆಯೇ ವಾಸಿ ಅಂತೀನಿ ನಾನು. ಕಾಗದ ಇಲ್ಲದಿದ್ದರೆ ಸ್ಟ್ರಕ್ಚರಲ್ ಎಂಜಿನಿಯರ್‌ಗೆ ತೋರಿಸಿ. ಮನೆಗೆ ವಿಮೆ ಕೊಡುತ್ತೇವೆ ಅಂತ ಕಂಪನಿ ಬರೆದು ಕೊಟ್ಟ ಮೇಲಷ್ಟೇ ಕಾಂಟ್ರ್ಯಾಕ್ಟ್ ಎಕ್ಸ್‌ಚೇಂಜ್ (ಖರೀದಿ ಪಕ್ಕಾ ಆಗುವ ಕರಾರು ವಿನಿಮಯ) ಮಾಡಿ.