ಜಿಲ್ಲೆಗೊಂದು ವಿಶ್ವವಿದ್ಯಾಲಯ ಬೇಕಾ, ಹಳೇ ಪಿಜಿ (ಸ್ನಾತಕೋತ್ತರ) ಸೆಂಟರ್ ಸಾಕಾಗುತ್ತಿರಲಿಲ್ವಾ?

ಓದುವವರಿಗೆ ಬೇಕಾಗಿರುವುದು ಹತ್ತಿರದ ಕ್ಯಾಂಪಸ್ಸು. ಅದಕ್ಕೆ ಪ್ರತ್ಯೇಕ ಕುಲಪತಿ, ಕುಲಸಚಿವರು ಇರಲೇಬೇಕು ಅಂತೇನಿಲ್ಲ. ಈ ಎರಡನ್ನೂ ನಾವು ಬೆರೆಸಿಬಿಡುತ್ತೇವೆ.

ಕಲಬುರಗಿಯನ್ನೇ ನೋಡಿ. ಅಲ್ಲಿ ಮೊದಲು ಇದ್ದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಮಂಗಳೂರಿನಲ್ಲಿ ಮೈಸೂರು ವಿಶ್ವವಿದ್ಯಾಲಯದ್ದು. ವಿಭಾಗಗಳು ಬೆಳೆದವು, ಅಧ್ಯಾಪಕರು ಬಂದರು, 1980ರಲ್ಲಿ ಎರಡೂ ಸ್ವತಂತ್ರ ವಿಶ್ವವಿದ್ಯಾಲಯಗಳಾದವು. ಅಂದ್ರೆ ಬೋರ್ಡ್ ಬದಲಾಗುವ ಮೊದಲೇ ಒಳಗೆ ಸರಕು ಇತ್ತು.

2023ರಲ್ಲಿ ಬೀದರ್, ಹಾವೇರಿ, ಹಾಸನ, ಕೊಡಗು, ಕೊಪ್ಪಳ, ಬಾಗಲಕೋಟೆ, ಚಾಮರಾಜನಗರ ಹೀಗೆ ಏಳು ಕಡೆ ಒಟ್ಟಿಗೇ ಹೊಸ ವಿಶ್ವವಿದ್ಯಾಲಯಗಳು ಶುರುವಾದವು. ಹಾಸನದ್ದು ಹೇಮಗಂಗೋತ್ರಿಯಲ್ಲಿ, ಕೊಡಗಿನದು ಚಿಕ್ಕಅಳುವಾರದಲ್ಲಿ. ಎರಡೂ ಹಳೇ ಪಿಜಿ ಸೆಂಟರ್‌ಗಳೇ. ಹೊಸ ಹೆಸರಿನ ಜೊತೆ ಹೊಸ ಆಡಳಿತದ ಖರ್ಚೂ ಬಂತು. ಆದರೆ ಕಾಯಂ ಅಧ್ಯಾಪಕರು, ಜಾಗ, ಅನುದಾನ ಅದೇ ವೇಗದಲ್ಲಿ ಬರಲಿಲ್ಲ. 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಇವುಗಳಲ್ಲಿ ಹೆಚ್ಚಿನವೂ ಸೇರಿ ಒಟ್ಟು ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚುವ ಮಾತೆತ್ತಿತು. ಜಿಲ್ಲೆಗಳಲ್ಲಿ ಪ್ರತಿಭಟನೆ ಆಯಿತು. ಸಹಜ ಅಲ್ವಾ?

ಹಳ್ಳಿಯ ಹುಡುಗಿಯೊಬ್ಬಳು ಬಿಎ ಮುಗಿಸಿದರೆ, ಬಸ್ ಪಾಸ್‌ನಲ್ಲಿ ಹೋಗಿ ಸಂಜೆ ಮನೆಗೆ ಬರುವಷ್ಟು ದೂರದಲ್ಲಿ ಎಂಎ ಇದ್ದರೆ ಮಾತ್ರ ಎಷ್ಟೋ ಮನೆಗಳಲ್ಲಿ ಮುಂದಕ್ಕೆ ಓದಿಸುತ್ತಾರೆ. ಹಾಸ್ಟೆಲ್, ದೂರದ ಊರು ಅಂದ ಕೂಡಲೇ ಮದುವೆ ಮಾತು ಬರುತ್ತದೆ.

ನನ್ನ ಪ್ರಕಾರ ಇವನ್ನು ಹಳೇ ವಿಶ್ವವಿದ್ಯಾಲಯಗಳ ಜೊತೆ ವಿಲೀನ ಮಾಡಿದರೂ ಪರವಾಗಿಲ್ಲ, ತರಗತಿಗಳು ಆ ಊರಲ್ಲೇ ಉಳಿಯಬೇಕು. ಮೊದಲು ಖಾಲಿ ಹುದ್ದೆ ತುಂಬಲಿ. ಬರೀ ಅತಿಥಿ ಉಪನ್ಯಾಸಕರನ್ನು ನಂಬಿ ಪಿಎಚ್‌ಡಿ ಮಾಡಿಸಲು ಆಗುವುದಿಲ್ಲ.