ಓದುಗರ ಪ್ರಶ್ನೆ: ಹೊಳೆಯ ಕಳೆ

ಪ್ರಶ್ನೆ: ಊರವರೆಲ್ಲ ಸೇರಿ ಹೊಳೆಯ ಅಂತರಗಂಗೆಯನ್ನು ಎರಡು ಸಲ ತೆಗೆದೆವು. ನಾಲ್ಕೇ ತಿಂಗಳಿಗೆ ಮತ್ತೆ ಮುಚ್ಚಿಕೊಂಡಿತು. ಎಲ್ಲಿ ತಪ್ಪಿದೆವು?

ಉತ್ತರ: ದಡದ ಜೊಂಡಿನ ಸಂದಿಯಲ್ಲಿ, ಬಾಗಿದ ಕೊಂಬೆಗಳ ಅಡಿಯಲ್ಲಿ ಮರಿಗಿಡಗಳು ಉಳಿದುಬಿಟ್ಟಿರಬೇಕು. ಈ ನೇರಳೆ ಹೂವಿನ ಗಿಡ ಬಳ್ಳಿ ಚಾಚಿ ಅದರ ತುದಿಯಲ್ಲಿ ಮರಿ ಹಾಕುತ್ತದೆ. ಬೆಚ್ಚಗಿನ, ಕೊಳಚೆಯ ಸಾರ ಸೇರಿದ ನೀರಿನಲ್ಲಿ ಸುಮಾರು ಎರಡು ವಾರಕ್ಕೆ ಇಮ್ಮಡಿಯಾಗುತ್ತದೆ. ಹತ್ತು ಗಿಡ ಬಿಟ್ಟುಬಂದರೆ ಹದಿನಾರು ವಾರಕ್ಕೆ 2,560! ಹಾಗಾಗಿ ಮೊದಲ ದಿನ ಸೇರುವ ನೂರು ಜನರಿಗಿಂತ, ಆಮೇಲೆ ಹದಿನೈದು ದಿನಕ್ಕೊಮ್ಮೆ ದೋಣಿಯಲ್ಲಿ ಸುತ್ತಿ ಮರಿ ಹೆಕ್ಕುವ ನಾಲ್ವರು ಹೆಚ್ಚು ಬೇಕು. ಮೂರು ತಿಂಗಳು ಹೀಗೆ ನಡೆಸಿ, ನಂತರ ತಿಂಗಳಿಗೊಮ್ಮೆ ಸಾಕು. ಪೂರ್ತಿ ನಿಲ್ಲಿಸಬೇಡಿ. ಬೀಜ ಕೆಸರಿನಲ್ಲಿ ಹದಿನೈದು ವರ್ಷಕ್ಕೂ ಮೇಲ್ಪಟ್ಟು ಜೀವ ಹಿಡಿದಿರುತ್ತದೆ. ನೀರು ಇಳಿದು ಕೆಸರಿಗೆ ಬಿಸಿಲು ತಾಗಿದ ಕಡೆ ಮೊದಲು ಮೊಳೆಯುತ್ತದೆ.

ಕೆಲಸವನ್ನು ಮೇಲಿನಿಂದ ಕೆಳಕ್ಕೆ ಮಾಡಿ, ಹೂ ಬಿಡುವ ಮೊದಲು, ಹರಿವು ಕಡಿಮೆ ಇದ್ದಾಗ. ಕೆಳಗಡೆ ತೇಲುತಡೆ ಕಟ್ಟಿರಬೇಕು: ಬಿಗಿಯಾಗಿ ಮುಚ್ಚಿದ ಪ್ಲಾಸ್ಟಿಕ್ ಡ್ರಮ್ಮುಗಳನ್ನು ಹಗ್ಗಕ್ಕೆ ಪೋಣಿಸಿ, ಕೆಳಕ್ಕೆ ಒಂದೂವರೆ ಅಡಿ ಬಲೆ ಇಳಿಬಿಡಿ. ಹೊಳೆಗೆ ನೇರ ಅಡ್ಡ ಕಟ್ಟಿದರೆ ಕಳೆಯ ಭಾರಕ್ಕೆ ನಡುಮಧ್ಯೆ ಬಾಗಿ ತುಂಡಾಗುತ್ತದೆ. ಓರೆಯಾಗಿ ಕಟ್ಟಿದರೆ ಹರಿವೇ ಕಳೆಯನ್ನು ಒಂದು ದಡಕ್ಕೆ ತಳ್ಳಿಕೊಡುತ್ತದೆ, ಎಳೆಯುವ ಶ್ರಮ ಅರ್ಧ ಉಳಿಯುತ್ತದೆ. ಒಂದು ತುದಿಯ ಗಂಟು ಬೇಗ ಬಿಚ್ಚುವಂತಿರಲಿ. ಪ್ರವಾಹ ಬಂದಾಗ ತಡೆ ಬಿಗಿಯಾಗಿಯೇ ನಿಂತರೆ ಆಸರೆಯ ಗೂಟವನ್ನೇ ಕಿತ್ತೊಯ್ಯುತ್ತದೆ.

ಭಾರದ ಲೆಕ್ಕ ಮೊದಲೇ ಹಾಕಿ. ದಟ್ಟ ಹಾಸು ಚದರ ಮೀಟರಿಗೆ 20 ಕಿಲೋ ಸುಲಭವಾಗಿ ತೂಗುತ್ತದೆ. ನೂರು ಮೀಟರ್ ಉದ್ದ, ಹತ್ತು ಮೀಟರ್ ಅಗಲಕ್ಕೆ 20 ಟನ್. ಅದರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರೇ. ಪ್ರವಾಹದ ಮಟ್ಟಕ್ಕಿಂತ ಮೇಲೆ ಹರಡಿ ಎರಡು ಮೂರು ದಿನ ಒಣಗಿಸಿದರೆ ಸಾಗಾಟ ಹಗುರ. ದಡದಂಚಿನಲ್ಲೇ ರಾಶಿ ಹಾಕಿದರೆ ಮೊದಲ ಮಳೆಗೆ ಎಲ್ಲ ವಾಪಸ್. ಹಾಸಿನ ಅಡಿಯ ಆಳ ಕಾಣುವುದಿಲ್ಲ, ಹಾವೂ ಇರಬಹುದು. ಲೈಫ್ ಜಾಕೆಟ್, ಕೈಗವಸು, ದಡದಿಂದ ಹಗ್ಗ ಇಲ್ಲದೆ ಯಾರನ್ನೂ ಇಳಿಸಬೇಡಿ.

ಪ್ರಶ್ನೆ: ಕಳೆನಾಶಕ ಹೊಡೆದರೆ ಬೇಗ ಮುಗಿಯದೇ?

ಉತ್ತರ: ಜನ, ದನ ನೀರು ಬಳಸುವ ಹೊಳೆಗೆ ಬೇಡ. ವಿಷದ ಮಾತು ಬದಿಗಿಟ್ಟರೂ, ಹಾಸು ಒಟ್ಟಿಗೆ ಸತ್ತು ತಳದಲ್ಲಿ ಕೊಳೆತಾಗ ನೀರಿನ ಆಮ್ಲಜನಕ ಖಾಲಿಯಾಗಿ ಮೀನು ಸಾಯುತ್ತವೆ. ಕೊಳೆತ ಸಾರವೇ ಮುಂದಿನ ಪೀಳಿಗೆಯ ಕಳೆಗೆ ಗೊಬ್ಬರ. ನಿಯೋಕೆಟಿನಾ ಎಂಬ ಮೂತಿ ಹುಳು ಬೇರೆ ದಾರಿ. ದಕ್ಷಿಣ ಅಮೆರಿಕದಲ್ಲಿ, ಈ ಕಳೆಯ ತವರಿನಲ್ಲೇ ಹುಟ್ಟಿದ ಇದು ಎಲೆ ಕೆರೆದು ತಿನ್ನುತ್ತದೆ, ಮರಿಹುಳು ತೊಟ್ಟು ಕೊರೆಯುತ್ತದೆ. ಆದರೆ ಪರಿಣಾಮಕ್ಕೆ ವರ್ಷಗಳೇ ಬೇಕು, ಮತ್ತು ಕೃಷಿ ವಿಜ್ಞಾನಿಗಳ ಮೂಲಕವೇ ಬಿಡಿಸಬೇಕು. ಹುಳು ಬಿಟ್ಟ ಭಾಗವನ್ನು ಕಿತ್ತರೆ ಹುಳುವೂ ಹೋಗುತ್ತದೆ, ಆ ತುಂಡನ್ನು ಮುಟ್ಟದೆ ಉಳಿಸಿ.

ಪ್ರಶ್ನೆ: ತೆಗೆದ ಕಳೆಯಿಂದ ಗೊಬ್ಬರ ಮಾಡಬಹುದೇ?

ಉತ್ತರ: ಧಾರಾಳವಾಗಿ, ಆದರೆ ಹೊಳೆಗೆ ಕಾರ್ಖಾನೆಯ ನೀರು ಸೇರುತ್ತಿದ್ದರೆ ಬೇಡ. ಅಂತರಗಂಗೆಯ ಬೇರು ಸೀಸ, ಕ್ಯಾಡ್ಮಿಯಂನಂಥ ಲೋಹ ಹೀರಿ ಇಟ್ಟುಕೊಳ್ಳುತ್ತದೆ. ಅಂಥ ಕಳೆ ತರಕಾರಿ ಮಡಿಗೂ ಮೇವಿಗೂ ಸಲ್ಲದು. ಶುದ್ಧ ಹೊಳೆಯದಾದರೆ ಬಾಡಿಸಿ, ಗೇಣುದ್ದ ಕತ್ತರಿಸಿ, ಸಗಣಿ, ಒಣ ಎಲೆಯೊಂದಿಗೆ ಪದರ ಪದರವಾಗಿ ಮೂರು ನಾಲ್ಕು ಅಡಿ ಎತ್ತರ ಪೇರಿಸಿ. ಹಸಿಯಾಗಿಯೇ ಒಟ್ಟಿದರೆ ಗಾಳಿಯಾಡದೆ ನಾರುತ್ತದೆ. ರಾಶಿಯ ಒಡಲು 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ಹಾಗೇ ಇದ್ದರೆ ಮಾತ್ರ ಬೀಜ ಸಾಯುತ್ತದೆ. ಹೊರಪದರ ಅಷ್ಟು ಕಾಯುವುದಿಲ್ಲ, ಆದ್ದರಿಂದ ವಾರಕ್ಕೊಮ್ಮೆ ತಿರುವಿ ಹೊರಗಿನದನ್ನು ಒಳಗೆ ಹಾಕಿ.

ಪ್ರಶ್ನೆ: ನೀರೊಳಗೆ ಬಳ್ಳಿಯಂತೆ ಬೆಳೆಯುವ ಕಳೆಯನ್ನು ಕತ್ತರಿಸಿದಷ್ಟೂ ಹೆಚ್ಚುತ್ತಿದೆ.

ಉತ್ತರ: ಹೈಡ್ರಿಲ್ಲಾ ಇರಬಹುದು. ಗಿಣ್ಣಿರುವ ಪ್ರತಿ ತುಂಡೂ ಹೊಸ ಗಿಡ, ಜೊತೆಗೆ ಕೆಸರಿನಲ್ಲಿ ಗೆಡ್ಡೆಯೂ ಇರುತ್ತದೆ. ಕತ್ತರಿಸುವ ಯಂತ್ರ ನಿಲ್ಲಿಸಿ. ಬುಡದಲ್ಲಿ ಕೈಹಾಕಿ ಬೇರುಸಹಿತ ನಿಧಾನ ಎಳೆಯಿರಿ, ಕೆಳಗೆ ಸಣ್ಣ ಕಣ್ಣಿನ ಬಲೆ ಹಿಡಿದು ತುಂಡು ಸೋಸಿ. ದೋಣಿ, ಬಲೆ, ಹಗ್ಗಗಳನ್ನು ಬೇರೆ ನೀರಿಗೆ ಒಯ್ಯುವ ಮುನ್ನ ತೊಳೆದು ಬಿಸಿಲಲ್ಲಿ ಪೂರ್ತಿ ಒಣಗಿಸಿ.